ಸೋತಿದ್ದಕ್ಕೆ ಅಂಕ ಕಟ್ ಮಾಡ್ತಾರಾ?

ಮಾನ್ಯ ಸಂಪಾದಕರೇ,

2025ರಲ್ಲಿ ರೋಹನ್ ಬೋಪಣ್ಣ ಟೆನಿಸ್‌ಗೆ ವಿದಾಯ ಹೇಳಿದ ಸುದ್ದಿ ಬಂದ ದಿನ ನಾನು ಕಟಿಂಗ್ ಶಾಪ್‌ನಲ್ಲಿದ್ದೆ. ವಯಸ್ಸು 45 ಆದರೂ ನಮಗೆ ಅವರು ಕೊಡಗಿನ ಹುಡುಗನೇ. ಕತ್ತರಿ ಆಡಿಸುತ್ತಲೇ ಅಂಗಡಿಯವನು ಕೇಳಿದ: ‘ಸಾರ್, ಹೋದ ವರ್ಷ ಡಬಲ್ಸ್‌ನಲ್ಲಿ ನಂಬರ್ ಒನ್ ಇದ್ದವರು. ಈ ಜನವರಿ ಮೆಲ್ಬರ್ನ್‌ನಲ್ಲಿ ಒಂದು ಮ್ಯಾಚ್ ಸೋತಿದ್ದಕ್ಕೆ 2000 ಅಂಕ ಕಟ್ ಮಾಡಿಬಿಟ್ರಂತೆ. ಇದ್ಯಾವ ನ್ಯಾಯ?’

ತಪ್ಪು ಅವನದಲ್ಲ. ನಮ್ಮ ಪತ್ರಿಕೆಗಳಲ್ಲಿ ಟೆನಿಸ್ ಸುದ್ದಿ ಬರುವುದೇ ಹಾಗೆ. ಇಂಥವರು ಇಷ್ಟು ಸ್ಥಾನ ಕುಸಿದರು, ಅಷ್ಟೇ. ಯಾಕೆ ಅನ್ನುವುದು ಇರುವುದೇ ಇಲ್ಲ.

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ಒಂದು ವರ್ಷದ ಎಫ್‌ಡಿ ಕಥೆ ಹೇಳಲು ಶುರು ಮಾಡಿದೆ. ಅವಧಿ ಮುಗಿದ ದಿನ ಆ ಲೆಕ್ಕ ಬಂದ್, ಹೊಸದಾಗಿ ದುಡ್ಡು ಇಟ್ಟರೆ ಮಾತ್ರ ಮುಂದೆ ಅಂತ. ಅವನು ನಡುವೆ ಬಾಯಿ ಹಾಕಿದ: ‘ಅಂದ್ರೆ ರೀಚಾರ್ಜ್ ಥರ. ವರ್ಷ ವ್ಯಾಲಿಡಿಟಿ.’ ನನ್ನ ಎಫ್‌ಡಿಗಿಂತ ಅದೇ ಚೆನ್ನಾಗಿತ್ತು ಬಿಡಿ.

ರ‍್ಯಾಂಕಿಂಗ್ ಅಂಕದ ವ್ಯಾಲಿಡಿಟಿ 52 ವಾರ, ಅಂಕ ಜಾಸ್ತಿ ಇದ್ದಷ್ಟೂ ಸ್ಥಾನ ಮೇಲೆ. 2024ರ ಜನವರಿಯಲ್ಲಿ ಬೋಪಣ್ಣ–ಮ್ಯಾಥ್ಯೂ ಎಬ್ಡೆನ್ ಜೋಡಿ ಮೆಲ್ಬರ್ನ್‌ನಲ್ಲಿ ನಡೆಯುವ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಇಬ್ಬರ ಖಾತೆಗೂ ತಲಾ 2000 ಅಂಕ ಬಂತು. 2025ರಲ್ಲಿ ಬೋಪಣ್ಣ ಬೇರೆ ಜೊತೆಗಾರನ ಜೊತೆ ಆಡಿ ಮೊದಲ ಸುತ್ತಿನಲ್ಲೇ ಸೋತರು. ಡಬಲ್ಸ್‌ನಲ್ಲಿ ಮೊದಲ ಸುತ್ತು ಸೋತರೆ ಸೊನ್ನೆ. ಹಳೆಯ 2000ದ ಅವಧಿ ಮುಗಿಯಿತು, ಆ ಜಾಗಕ್ಕೆ ಸೊನ್ನೆ ಬಂತು. ಯಾರೂ ಏನೂ ಕಟ್ ಮಾಡಲಿಲ್ಲ.

ಆಮೇಲೆ ಕರೆಂಟ್ ಬಿಲ್ಲಿನ ಹಿಂದೆ ಪುರುಷರ ಸಿಂಗಲ್ಸ್ ಲೆಕ್ಕ ಬರೆದುಕೊಟ್ಟೆ. ಗ್ರ್ಯಾನ್‌ ಸ್ಲಾಮ್ (ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಥರದ ದೊಡ್ಡ ಟೂರ್ನಿ) ಗೆದ್ದರೆ 2000, ಫೈನಲ್ ಸೋತರೆ 1300, ಸೆಮಿಫೈನಲ್ 800, ಕ್ವಾರ್ಟರ್ ಫೈನಲ್ 400, ನಾಲ್ಕನೇ ಸುತ್ತು 200, ಮೂರನೆಯದು 100, ಎರಡನೆಯದು 50, ಮೊದಲನೇ ಸುತ್ತಿನಲ್ಲೇ ಮನೆಗೆ ಹೋದರೆ 10. ಮಹಿಳೆಯರಿಗೆ ಸ್ವಲ್ಪ ಬೇರೆ. ಸೆಮಿಫೈನಲ್‌ಗೆ 780, ಕ್ವಾರ್ಟರ್‌ಗೆ 430.

ನಮ್ಮ ಸಿಂಗಲ್ಸ್ ಆಟಗಾರ ಸುಮಿತ್ ನಗಾಲ್ ಲೆಕ್ಕ ಇನ್ನೂ ಮಜಾ. 2024ರಲ್ಲಿ ಅದೇ ಮೆಲ್ಬರ್ನ್‌ನಲ್ಲಿ ಅರ್ಹತಾ ಸುತ್ತು ದಾಟಿ ಬಂದು, ಟೂರ್ನಿಯ 31ನೇ ಶ್ರೇಯಾಂಕದ (ಸೀಡ್) ಬುಬ್ಲಿಕ್‌ರನ್ನು ಸೋಲಿಸಿದರು. ಅರ್ಹತೆಗೆ 30, ಎರಡನೇ ಸುತ್ತಿಗೆ 50, ಒಟ್ಟು 80. ಮರುವರ್ಷ ರ‍್ಯಾಂಕಿಂಗ್ ಚೆನ್ನಾಗಿದ್ದುದರಿಂದ ನೇರವಾಗಿ ಮುಖ್ಯ ಸುತ್ತಿಗೇ ಪ್ರವೇಶ. ಮೊದಲ ಪಂದ್ಯ ಸೋತರು, ಸಿಕ್ಕಿದ್ದು 10. ಸುಮ್ನೆ ‘ನಗಾಲ್ ಕುಸಿತ’ ಅಂತ ಓದಿದವರಿಗೆ ಆ 70 ಅಂಕದ ಕಥೆ ಗೊತ್ತಾಗೋದು ಹೇಗೆ?

2022ರ ವಿಂಬಲ್ಡನ್ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಆಯೋಜಕರು ರಷ್ಯಾ, ಬೆಲಾರಸ್ ಆಟಗಾರರನ್ನು ಸೇರಿಸಲಿಲ್ಲ ಅಂತ ರ‍್ಯಾಂಕಿಂಗ್ ನೋಡಿಕೊಳ್ಳುವ ಎಟಿಪಿ (ಪುರುಷರದು), ಡಬ್ಲ್ಯುಟಿಎ (ಮಹಿಳೆಯರದು) ಎರಡೂ ಅಂಕ ಕೊಡಲಿಲ್ಲ. ಜೊಕೊವಿಚ್ ಟ್ರೋಫಿ ಎತ್ತಿದರು. ಆದರೆ 2021ರ 2000 ಅಂಕ ಹೋಯಿತು, ಹೊಸದು ಬರಲಿಲ್ಲ. ಗೆದ್ದವರು ಮೂರನೇ ಸ್ಥಾನದಿಂದ ಏಳಕ್ಕೆ ಇಳಿದರು! ಮಹಿಳೆಯರಲ್ಲಿ ಚಾಂಪಿಯನ್ ಆದ ರೈಬಾಕಿನಾ 23ನೇ ಸ್ಥಾನದಲ್ಲಿದ್ದವರು 23ರಲ್ಲೇ ಉಳಿದರು. ಜಗಳ ಯಾರದ್ದೋ, ದಂಡ ಕಟ್ಟಿದ್ದು ಯಾರೋ.

ಮಿಶ್ರ ಡಬಲ್ಸ್‌ಗೆ ಅಂತೂ ರ‍್ಯಾಂಕಿಂಗ್ ಅಂಕವೇ ಇಲ್ಲ. 2017ರ ಫ್ರೆಂಚ್ ಓಪನ್‌ನಲ್ಲಿ ಬೋಪಣ್ಣ ಮಿಶ್ರ ಡಬಲ್ಸ್ ಪ್ರಶಸ್ತಿ ಗೆದ್ದರಲ್ಲ, ಅದರಿಂದ ರ‍್ಯಾಂಕಿಂಗ್‌ಗೆ ಬಂದಿದ್ದು ಸೊನ್ನೆ. ಇದನ್ನು ಹೇಳಿದಾಗ ಅಂಗಡಿಯವನು ಕತ್ತರಿ ನಿಲ್ಲಿಸಿಬಿಟ್ಟ. ‘ಹಂಗಾದ್ರೆ ಯಾಕೆ ಆಡ್ತಾರೆ ಸಾರ್?’ ಅಂದ. ದುಡ್ಡು, ಕಪ್ಪು ಸಿಗುತ್ತಲ್ಲ ಮಾರಾಯ ಅಂದೆ.

ನನ್ನ ಕೋರಿಕೆ ಚಿಕ್ಕದು. ವರ್ಷಕ್ಕೆ ನಾಲ್ಕು ಗ್ರ್ಯಾನ್‌ ಸ್ಲಾಮ್. ಪ್ರತಿ ಸಲ ಯಾರಿಗೆ ಯಾರು ಎದುರಾಳಿ ಅನ್ನುವ ಡ್ರಾ ಸುದ್ದಿ ಹಾಕುವ ದಿನ, ನಮ್ಮ ಆಟಗಾರರ ಹೆಸರಿನ ಮುಂದೆ ಹಿಂದಿನ ವರ್ಷ ಅಲ್ಲಿ ಎಷ್ಟು ಅಂಕ ಗಳಿಸಿದ್ದರು ಅನ್ನುವುದನ್ನೂ ಹಾಕಿ. ಕ್ರಿಕೆಟ್ ಸ್ಕೋರ್ ಕೆಳಗೆ ಎರಡು ಇಂಚು ಜಾಗ ಸಾಕು. ಕರೆಂಟ್ ಬಿಲ್ ಅಂಗಡಿಯ ಕನ್ನಡಿಗೇ ಅಂಟಿಕೊಂಡಿದೆ, ವಾಪಸ್ ಕೇಳಿದರೆ ಕೊಡುತ್ತಿಲ್ಲ.

– ನಿವೃತ್ತ ಬ್ಯಾಂಕ್ ನೌಕರ, ಕುಶಾಲನಗರ