ವಿದ್ಯಾರ್ಥಿಗಳ ವಿಡಿಯೊಗೆ ಅಂಕ ಹಾಕುವ ಮುನ್ನ

ಮಾನ್ಯರೇ,

ಮಲೆನಾಡಿನ ಕಾಲೇಜು ವಿದ್ಯಾರ್ಥಿಗಳು ರೀಲ್ಸ್‌ನಲ್ಲಿ ಮುಳುಗಿ ಓದು ಬಿಟ್ಟಿದ್ದಾರೆ ಎಂಬ ಆಕ್ಷೇಪ ವಾಚಕರ ಪತ್ರಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿದೆ. ಹಲವು ವರ್ಷ ಸುದ್ದಿವಾಹಿನಿಯೊಂದರ ಕಾರ್ಯಕ್ರಮ ನಿರ್ಮಾಣ ವಿಭಾಗದಲ್ಲಿದ್ದು, ಈಗ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತ, ಯುವಜನರು ತಮ್ಮ ಊರು-ಮನೆಯ ಕಥೆಯನ್ನು ಕ್ಯಾಮೆರಾದಲ್ಲಿ ಹೇಳುವ ಬಗೆಯನ್ನೇ ಸಂಶೋಧನೆಯ ವಿಷಯವಾಗಿ ಎತ್ತಿಕೊಂಡಿರುವ ನನಗೆ ಈ ಆಕ್ಷೇಪ ಅರ್ಧ ಮಾತ್ರ ಸರಿಯೆನಿಸುತ್ತದೆ. ಅವರ ಕೈಯಲ್ಲಿ ಸದಾ ಫೋನು ಇರುವುದು ನಿಜ. ಆ ಫೋನಿನಲ್ಲಿ ಅವರು ಏನು ಮಾಡುತ್ತಿದ್ದಾರೆಂದು ಕೂತು ನೋಡುವ ವ್ಯವಧಾನ ನಮ್ಮ ತರಗತಿಗಳಿಗೂ ಇಲ್ಲ ಎಂಬುದು ಅಷ್ಟೇ ನಿಜ.

ನಮ್ಮಲ್ಲಿ ಪ್ರಾಯೋಗಿಕ ತರಗತಿಯೆಂದರೆ ಬಹುಮಟ್ಟಿಗೆ ವಾಹಿನಿಗಳ ನಕಲು. ಮೈಕ್ ಹಿಡಿದು ಕ್ಯಾಮೆರಾ ನೋಡಿ ಮಾತಾಡುವುದು, ಟೆಲಿಪ್ರಾಂಪ್ಟರ್ ಓದುವುದು, ಎರಡು ಬೈಟ್ (ಸಂದರ್ಶನದ ತುಣುಕು) ತಂದು ಹಿನ್ನೆಲೆ ಮಾತು ಜೋಡಿಸಿ ಸುದ್ದಿಯ ಪ್ಯಾಕೇಜ್ ಮಾಡುವುದು ಇವಕ್ಕೇ ಅಂಕ. ಈ ಕಸುಬನ್ನು ಕಲಿಯಲೇಬೇಕು, ಎರಡು ಮಾತಿಲ್ಲ. ಅದರಿಂದಲೇ ಹೊಟ್ಟೆ ಹೊರೆದವಳು ನಾನು. ಆದರೆ ನಿರ್ಮಾಣದವರಿಗೆ ಸಂಜೆಯ ಬುಲೆಟಿನ್ ಹೊತ್ತಿಗೆ ಸ್ಟೋರಿ ಮುಗಿದು ಕೈಗೆ ಬಂದರೆ ಸಾಕು, ಕತ್ತರಿಸಿ ಎಸೆದದ್ದನ್ನು ಯಾರೂ ಕೇಳುವುದಿಲ್ಲ. ಪಾಠ ಮಾಡುವವರಿಗೂ ಸಂಶೋಧನೆ ಮಾಡುವವರಿಗೂ ಬೇಕಾದದ್ದು ಮಾತ್ರ ಆ ಎಸೆದ ಭಾಗದಲ್ಲೇ ಹೆಚ್ಚಾಗಿ ಸಿಗುತ್ತದೆ.

ಒಂದು ನಿದರ್ಶನ ಕೊಡುತ್ತೇನೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ನಾವೆಲ್ಲ ನೋಡಿದ್ದು ಡ್ರೋನ್ ದೃಶ್ಯಗಳನ್ನು. ಹಿನ್ನೀರಿನಾಚೆಯ ತುಮರಿ ಕಡೆಯ ವಿದ್ಯಾರ್ಥಿನಿಯೊಬ್ಬಳು (ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ) ಅದೇ ವಿಷಯದ ಮೇಲೆ ಫೋನಿನಲ್ಲಿ ಮಾಡಿದ ಕಿರುಚಿತ್ರದಲ್ಲಿ ಸೇತುವೆ ಕಾಣುವುದು ಒಂದೇ ಸಲ, ಅದೂ ಹಿನ್ನೀರು ದಾಟಿಸುವ ಲಾಂಚಿನ ಕಂಬಿಗಳ ಸಂದಿಯಿಂದ. ಸೇತುವೆ ಬಂದದ್ದು ಹೇಗನಿಸುತ್ತದೆ ಎಂದು ಅವಳು ಅಜ್ಜನನ್ನು ಕೇಳುತ್ತಾಳೆ. ಅವರು ಅದಕ್ಕೆ ಉತ್ತರಿಸದೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಕಾಲದಲ್ಲಿ ಮುಳುಗಿದ ತಮ್ಮ ಮನೆಯ ಗದ್ದೆ ಎಲ್ಲಿತ್ತೆಂದು ನೀರಿನತ್ತ ಬೆರಳು ಮಾಡಿ ಹೇಳುತ್ತ ಹೋಗುತ್ತಾರೆ. ಎಂಜಿನ್ ಸದ್ದಿನಲ್ಲಿ ಅರ್ಧಕ್ಕರ್ಧ ಮಾತು ಕೇಳಿಸುವುದಿಲ್ಲ. ವಾಹಿನಿಯ ಎಡಿಟಿಂಗ್ ಕೋಣೆಯಲ್ಲಾಗಿದ್ದರೆ ಆ ತುಣುಕು ಮೊದಲ ಸುತ್ತಿನಲ್ಲೇ ಹೋಗಿಬಿಡುತ್ತಿತ್ತು. ಅವಳು ಅದನ್ನು ಪೂರ್ತಿ ಉಳಿಸಿಕೊಂಡು, ಸೇತುವೆ ಆಗಲೇಬೇಕಿತ್ತು ಎಂದು ತಾನೇ ಹೇಳಿದ ಮಾತನ್ನು ತೆಗೆದುಹಾಕಿದ್ದಾಳೆ. ರಾತ್ರಿ ಹೊತ್ತು ರೋಗಿಗಳನ್ನು ದಡ ದಾಟಿಸಲು ಊರವರು ಪಟ್ಟ ಪಾಡು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಜ್ಜನ ಮಾತಿನ ಪಕ್ಕದಲ್ಲಿ ತನ್ನ ಮಾತನ್ನು ಇಟ್ಟರೆ ಅವರ ಮೇಲೆ ವಾದ ಗೆದ್ದಂತೆ ಕಾಣುತ್ತದೆ ಎಂಬುದು ಅವಳ ಅಳುಕು. ಈ ಕಾರಣ ಚಿತ್ರದಲ್ಲಿ ಎಲ್ಲೂ ಬರುವುದಿಲ್ಲ, ಅವಳ ನೋಟ್‌ಬುಕ್ಕಿನಲ್ಲಿದೆ. ಧ್ವನಿ ಸ್ಪಷ್ಟವಿಲ್ಲವೆಂದು ಅಂಕ ಕಳೆಯುವ ನಮ್ಮ ಮೌಲ್ಯಮಾಪನದಲ್ಲಿ ಆ ನೋಟ್‌ಬುಕ್ಕಿಗೆ ಜಾಗವೇ ಇಲ್ಲ.

ಮಾಧ್ಯಮದಿಂದ ಬೋಧನೆಗೆ ಬರುವವರಿಗೆ ಈಗ ದಾರಿ ಸುಲಭವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಹೊರಡಿಸಿದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯ ಪ್ರಕಾರ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದ ಪರಿಣತರನ್ನು, ಪ್ರಕಟಿತ ಸಂಶೋಧನಾ ಲೇಖನಗಳಿಲ್ಲದಿದ್ದರೂ, ಮಂಜೂರಾದ ಹುದ್ದೆಗಳ ಶೇ 10ರ ಮಿತಿಯೊಳಗೆ ಗರಿಷ್ಠ 4 ವರ್ಷದವರೆಗೆ ನೇಮಿಸಿಕೊಳ್ಳಬಹುದು. ಇದು ಸ್ವಾಗತಾರ್ಹವೇ. ಆದರೆ ಹೀಗೆ ಬಂದವರು ತಮ್ಮ ಸ್ಟುಡಿಯೊ ಅನುಭವವನ್ನೇ ಪಾಠವೆಂದು ಒಪ್ಪಿಸಿ ಹೋದರೆ ವಾಹಿನಿಯ ಅಭ್ಯಾಸಗಳೇ ತರಗತಿಗೂ ದಾಟುತ್ತವೆ. ಕ್ಷೇತ್ರಕಾರ್ಯದ ಟಿಪ್ಪಣಿ ಬರೆಯುವುದು, ಸಂದರ್ಶನವನ್ನು ಅಕ್ಷರಕ್ಕಿಳಿಸುವುದು, ಎಲ್ಲಕ್ಕಿಂತ ಮೊದಲು ಒಪ್ಪಿಗೆ ಕೇಳುವುದು, ಇಷ್ಟನ್ನಾದರೂ ನಿರ್ಮಾಣದಿಂದ ಬಂದ ಅಧ್ಯಾಪಕರಿಗೆ ವಿಶ್ವವಿದ್ಯಾಲಯಗಳು ಮುಂಚಿತವಾಗಿ ಕಲಿಸಬೇಕು.

ಒಪ್ಪಿಗೆಯ ವಿಷಯವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೈಕ್ ಮುಂದೆ ನಿಂತವರು ಒಪ್ಪಿದಂತೆಯೇ ಎಂಬುದು ಸುದ್ದಿಮನೆಯ ರೂಢಿ. ಪಿಯುಸಿ ಓದುವ ಹುಡುಗ ತನ್ನ ಮನೆಯ ಸಾಲದ ಬಗ್ಗೆಯೋ ತಂದೆಯ ಕುಡಿತದ ಬಗ್ಗೆಯೋ ಮಾಡಿದ ಚಿತ್ರ ಕಾಲೇಜಿನ ಯೂಟ್ಯೂಬ್ ಚಾನೆಲ್ ಸೇರಿದರೆ, ಅವನು ಇಪ್ಪತ್ತೈದರ ಪ್ರಾಯಕ್ಕೆ ಬಂದಾಗಲೂ ಅದು ಅಲ್ಲೇ ಇರುತ್ತದೆ. 18 ವರ್ಷದೊಳಗಿನವರ ವೈಯಕ್ತಿಕ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಕಥೆಯೇ ಪೋಷಕರನ್ನು ಕುರಿತಾಗಿದ್ದಾಗ ಅವರ ಸಹಿಯೊಂದರಿಂದ ಹುಡುಗನಿಗೆ ಏನು ರಕ್ಷಣೆ ಸಿಗುತ್ತದೆ? ಚಿತ್ರವನ್ನು ತರಗತಿಯ ಹೊರಗೆ ತೋರಿಸಬೇಕೇ ಬೇಡವೇ ಎಂಬ ತೀರ್ಮಾನ, ಬೇಡವೆನಿಸಿದ ದಿನ ಹಿಂದಕ್ಕೆ ಪಡೆಯುವ ಹಕ್ಕು ಎರಡೂ ಅದನ್ನು ಮಾಡಿದವನ ಕೈಯಲ್ಲಿರಬೇಕು.

ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ 1970ರ ದಶಕದಲ್ಲೇ ಚಿತ್ರಸಮಾಜ (ಫಿಲ್ಮ್ ಸೊಸೈಟಿ) ಕಟ್ಟಿ, ಸಿನಿಮಾ ನೋಡಿದ ಮೇಲೆ ಕೂತು ಚರ್ಚಿಸುವ ಪರಿಪಾಠವನ್ನು ಹಳ್ಳಿಯಲ್ಲಿ ಬೆಳೆಸಿತು. ತಾವೇ ಚಿತ್ರ ಮಾಡುವ ಇಂದಿನ ಹುಡುಗ-ಹುಡುಗಿಯರಿಗೂ ಹಾಗೆ ಕೂತು ಮಾತಾಡುವ ಜಾಗ ಬೇಕಾಗಿದೆ. ಪಠ್ಯಕ್ರಮ ಪರಿಷ್ಕರಿಸುವಾಗ ಪತ್ರಿಕೋದ್ಯಮದ ಅಧ್ಯಯನ ಮಂಡಳಿಗಳು ಪ್ರಾಯೋಗಿಕ ಅಂಕಗಳಲ್ಲಿ ಅರ್ಧದಷ್ಟನ್ನು ನೋಟ್‌ಬುಕ್ಕಿಗೂ ಕತ್ತರಿಸಿಟ್ಟ ತುಣುಕುಗಳ ವಿವರಣೆಗೂ ಮೀಸಲಿಡಲಿ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ, ಒಪ್ಪಿಗೆಯಿರುವ ಕಡೆ, ಅಂಥ ಒಂದು ಟಿಪ್ಪಣಿಯನ್ನು ವಿದ್ಯಾರ್ಥಿಯ ಮಾತಿನಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

– ಪತ್ರಿಕೋದ್ಯಮ ಅಧ್ಯಾಪಕಿ, ಶಿವಮೊಗ್ಗ