ಬಾಯಿ ತೆರೆಯಿರಿ ಎಂದ ಕೀಲುವೈದ್ಯರಿಗೆ

ಐದು ವರ್ಷಗಳ ನಂತರ ಈ ಸಂಕ್ರಾಂತಿಗೆ ಎಳ್ಳು–ಬೆಲ್ಲದ ಕೊಬ್ಬರಿಯನ್ನು ನಾನೇ ಹೆಚ್ಚಿದೆ. ಚೂರುಗಳೆಲ್ಲ ಒಂದೇ ಅಳತೆಯಲ್ಲಿರಲಿಲ್ಲವಾದರೂ ಬೆರಳುಗಳು ನಡುವೆ ಕೈಕೊಡಲಿಲ್ಲ. ಇದಕ್ಕೆ ಕಾರಣರಾದ ಮೂವರ ಋಣವನ್ನು ಇಲ್ಲಿ ನೆನೆಯುತ್ತಿದ್ದೇನೆ.

ಎರಡನೆಯ ಹೆರಿಗೆಯಾದ ಮೂರು ತಿಂಗಳಿಗೆ ಬೆಳಗಿನ ಹೊತ್ತು ಮುಷ್ಟಿ ಕಟ್ಟಲಾಗದಷ್ಟು ಬಿಗಿತ ಶುರುವಾಯಿತು. ಬಾಣಂತಿ ತಣ್ಣೀರು ಮುಟ್ಟಿದ್ದರಿಂದ ಬಂದ ವಾಯು ಎಂದು ಹಿರಿಯರು ಹೇಳಿದ್ದನ್ನು ಒಂದೂವರೆ ವರ್ಷ ನಂಬಿದ್ದೆ. ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು ಹೆಂಗಸರನ್ನು ಕಾಡುವ, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತವು ಹೆರಿಗೆಯ ನಂತರದ ತಿಂಗಳುಗಳಲ್ಲಿ ತಲೆಯೆತ್ತುವುದು ಅಪರೂಪವಲ್ಲವೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮೊದಲ ವಂದನೆ ಕೀಲುವೈದ್ಯರಿಗೆ. ಊದಿದ ಮಣಿಕಟ್ಟನ್ನು ಒತ್ತಿ ನೋಡುತ್ತಿದ್ದವರು ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ ಎಂದು ಕೇಳಿ, ಬಾಯಿ ತೆರೆಸಿದರು. ಬಸುರಿನಲ್ಲೇ ಶುರುವಾಗಿದ್ದ ಆ ರಕ್ತವನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಸಡಿನ ಸಂದುಗಳಲ್ಲಿ ಬೆಳೆಯುವ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯವು ಪ್ರೋಟೀನುಗಳಲ್ಲಿರುವ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಸಿಟ್ರುಲಿನ್ ಆಗಿ ಬದಲಿಸುವ ಕಿಣ್ವವನ್ನು ಹೊಂದಿದೆಯೆಂದೂ, ಹಾಗೆ ವೇಷ ಬದಲಿಸಿದ ಪ್ರೋಟೀನುಗಳನ್ನು ಕೆಲವರ ದೇಹ ಪರಕೀಯವೆಂದು ಬಗೆದು ಅವುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆಯೆಂದೂ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ನನ್ನ ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಪತ್ತೆಹಚ್ಚಿದ್ದು ಇಂಥ ಪ್ರತಿಕಾಯಗಳನ್ನೇ. ನೋವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಅವು ರಕ್ತದಲ್ಲಿ ಇರಬಹುದಂತೆ. ಒಸಡಿನ ರೋಗವೂ ಇರುವ ಸಂಧಿವಾತದವರ ರಕ್ತಕ್ಕೆ ಬಾಯಿಯ ಬ್ಯಾಕ್ಟೀರಿಯಗಳು ಮತ್ತೆ ಮತ್ತೆ ನುಸುಳುತ್ತವೆಂದು 2023ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದನ್ನು ಆಮೇಲೆ ಓದಿದಾಗ ಆ ಚಿತ್ರ ನೆನಪಾಯಿತು.

ಎರಡನೆಯ ವಂದನೆ ದಂತವೈದ್ಯೆಗೆ. ನಾಲ್ಕು ಸರದಿಯಲ್ಲಿ ಒಸಡಿನ ಆಳದವರೆಗೂ ಶುಚಿಮಾಡಿದ್ದಕ್ಕಿಂತ ಹೆಚ್ಚಾಗಿ, ಹುಸಿ ಭರವಸೆ ಕೊಡದಿದ್ದುದಕ್ಕೆ ಅವರಿಗೆ ಕೃತಜ್ಞಳು. ಒಸಡಿನ ಚಿಕಿತ್ಸೆಯಿಂದ ಕೀಲುನೋವು ಇಳಿದದ್ದು ಕೆಲವು ಚಿಕ್ಕ ಅಧ್ಯಯನಗಳಲ್ಲಿ ಕಂಡಿದ್ದರೂ ಎಲ್ಲ ಪ್ರಯೋಗಗಳಲ್ಲಿ ಕಂಡಿಲ್ಲ, ಸಂಧಿವಾತಕ್ಕೆ ಕೊಟ್ಟಿರುವ ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಮಾತ್ರ ಬಿಡಬೇಡಿ ಎಂದು ಮೊದಲ ದಿನವೇ ಹೇಳಿದ್ದರು. ನೂರು ವರ್ಷಗಳ ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ, ಸಂಧಿವಾತದ ಮೂಲ ಬಾಯಿಯ ಸೋಂಕೇ ಎಂದು ರೋಗಿಗಳ ಹಲ್ಲುಗಳನ್ನು ಸಾಲಾಗಿ ಕಿತ್ತಿದ್ದರಂತೆ. ಅರ್ಧ ಸತ್ಯವನ್ನು ಪೂರ್ತಿ ನಂಬಿದರೆ ಹೀಗಾಗುತ್ತದೆ. ನನ್ನ ಚೇತರಿಕೆಯ ಹೆಚ್ಚಿನ ಪಾಲು ಮಾತ್ರೆಗೇ ಸಲ್ಲಬೇಕೆಂದು ನನಗೂ ಅನಿಸುತ್ತದೆ.

ಮೂರನೆಯವರು ನನ್ನ ಅತ್ತಿಗೆ. ಬೆರಳು ಮಡಿಸಲಾಗದವಳು ಬ್ರಷ್ ಹಿಡಿಯುವುದು ಹೇಗೆ, ಬ್ರಷ್ ಹಿಡಿಯಲಾಗದಿದ್ದರೆ ಒಸಡು ಗುಣವಾಗುವುದು ಹೇಗೆ ಎಂಬ ಈ ಸುಳಿ ವೈದ್ಯರಿಬ್ಬರಿಗೂ ಹೊಳೆದಿರಲಿಲ್ಲ. ಅತ್ತಿಗೆ ಹಳೆಯ ಪಂಚೆಯ ಬಟ್ಟೆಯನ್ನು ಬ್ರಷ್ಷಿನ ಹಿಡಿಕೆಗೆ ದಪ್ಪವಾಗಿ ಸುತ್ತಿ ದಾರ ಬಿಗಿದು ಕೊಟ್ಟರು. ವಾರಕ್ಕೊಮ್ಮೆ ಬಿಚ್ಚಿ ಒಗೆದು ಮತ್ತೆ ಸುತ್ತುತ್ತಿದ್ದರು.

ಮೊದಲ ಎಳ್ಳಿನ ಪೊಟ್ಟಣ ಅತ್ತಿಗೆಗೇ ಹೋಯಿತು. ದಂತವೈದ್ಯೆಗೂ ಒಂದನ್ನು ಕೊಟ್ಟೆ. ಅದನ್ನು ಸಂತೋಷದಿಂದ ತೆಗೆದುಕೊಂಡು, ಸಡಿಲವಾಗಿರುವ ಕೆಳಗಿನ ಹಲ್ಲು ಗಟ್ಟಿಯಾಗುವ ತನಕ ಕಬ್ಬಿನ ತಂಟೆಗೆ ಹೋಗಬೇಡಿ ಎಂದರು.