ಬಿದ್ರಿ ಎಂದು ಹೇಳಿ ಬಣ್ಣ ಬಳಿದ ಕಬ್ಬಿಣ ಮಾರಿದ್ದಕ್ಕೆ ದೂರು

ಇವರಿಗೆ,
ಗ್ರಾಹಕರ ದೂರು ಅಧಿಕಾರಿಗಳು

ವಿಷಯ: ಮೀನಿನ ಆಕಾರದ ‘ಬಿದ್ರಿ’ ಡಬ್ಬಿಯ ಹಣ ವಾಪಸ್ ಕೊಡದಿರುವುದು ಮತ್ತು ನಿಮ್ಮ ಮಳಿಗೆಯಲ್ಲಿ ಆದ ಅವಮಾನ

ಮಾನ್ಯರೇ,

ಫೋನ್ ಮಾಡಿ ಹೇಳಿದ್ದಾಯಿತು. ಇಮೇಲ್ ಬರೆದದ್ದಾಯಿತು. ಕೊನೆಗೆ ನಿಮ್ಮ ಮೈಸೂರಿನ ಮಳಿಗೆಗೇ ಬಂದು ಎದುರು ನಿಂತು ಹೇಳಿದ್ದೂ ಆಯಿತು. ಪ್ರತಿ ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಈ ಪತ್ರವನ್ನು ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸುತ್ತಿದ್ದೇನೆ. ನಮಗೆ ತಲುಪಲಿಲ್ಲ ಎಂದು ನಾಳೆ ಯಾರೂ ಹೇಳಬಾರದು.

ನಾನು ನಿಮ್ಮ ವೆಬ್‌ಸೈಟಿನಲ್ಲಿ ಕೊಂಡದ್ದು ಮೀನಿನ ಆಕಾರದ ಒಂದು ಡಬ್ಬಿ. ಬಾಲ ಮೇಲೆತ್ತಿದ ದಪ್ಪ ಮೀನು. ತಲೆ ಹಿಡಿದು ಎತ್ತಿದರೆ ಒಳಗೆ ಅಡಿಕೆ, ಲವಂಗ ಇಡುವಷ್ಟು ಜಾಗ. ಕಪ್ಪು ಮೈ ತುಂಬ ಬೆಳ್ಳಿಯ ಹುರುಪೆ. ಕಣ್ಣು ದುಂಡಗೆ, ಏನನ್ನೋ ನೋಡಿ ಬೆಚ್ಚಿದ ಹಾಗೆ. ನೋಡಿದ ಕೂಡಲೇ ನಗು ಬಂತು. ತಮ್ಮನ ಗೃಹಪ್ರವೇಶಕ್ಕೆ ಇದನ್ನೇ ಕೊಡಬೇಕು ಅನ್ನಿಸಿತು. ‘ಬೀದರಿನ ಕುಶಲಕರ್ಮಿಗಳು ಕೈಯಲ್ಲೇ ಮಾಡಿದ ಅಪ್ಪಟ ಬಿದ್ರಿ, ಶುದ್ಧ ಬೆಳ್ಳಿಯ ಕುಸುರಿ’ ಎಂದು ಚಿತ್ರದ ಕೆಳಗೆ ಬರೆದಿದ್ದಿರಿ. ಬೆಲೆ 7,400 ರೂಪಾಯಿ. ಜಾಸ್ತಿ ಅನ್ನಿಸಲಿಲ್ಲ. ಅಸಲಿ ಬಿದ್ರಿಗೆ ಅಷ್ಟು ಆಗುತ್ತದೆ, ಆಗಲೂ ಬೇಕು.

ಗೃಹಪ್ರವೇಶದ ದಿನ ಡಬ್ಬಿಯ ಮೇಲೆ ಅರಿಸಿನ ಬಿತ್ತು. ತಮ್ಮನ ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬಟ್ಟೆ ಕಪ್ಪಾಯಿತು, ಮೀನಿನ ಬೆನ್ನು ಬೋಳಾಯಿತು. ಉಗುರು ತಾಗಿದ ಕಡೆ ಬೆಳ್ಳಿ ಹುರುಪೆ ಸಿಪ್ಪೆ ಬಿಟ್ಟಿತು. ನನ್ನ ತವರು ಬೀದರ್. ಅಲ್ಲಿ ಕೂತಿದ್ದ ನೆಂಟರಲ್ಲಿ ಅರ್ಧ ಜನ ಬೀದರಿನವರೇ. ಅವರೆದುರು ನಾನು ಬೀದರಿನ ಹೆಸರಲ್ಲಿ ನಕಲಿ ಕೊಟ್ಟ ಹಾಗಾಯಿತು.

ಬಿದ್ರಿ ಅಂದರೆ ಏನು ಎಂದು ನಿಮಗೆ ಗೊತ್ತಿದೆ. ನಿಮ್ಮ ಪುಟದಲ್ಲೇ ದೊಡ್ಡದಾಗಿ ಬರೆದುಕೊಂಡಿದ್ದೀರಿ. ಆದರೂ ನಿಮ್ಮ ಮಳಿಗೆಯವರು ಓದಲಿ ಎಂದು ಇಲ್ಲಿ ಬರೆಯುತ್ತೇನೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ, ಮರಳಿನ ಅಚ್ಚಿಗೆ ಎರೆಯುತ್ತಾರೆ. ಅರ ಹಾಕಿ ನಯ ಮಾಡುತ್ತಾರೆ. ಗೀಚಿದ ಗೆರೆ ಕಾಣಲಿ ಎಂದು ಮೈಲುತುತ್ತದ ನೀರು ಸವರಿ ಮೊದಲು ಸ್ವಲ್ಪ ಕಪ್ಪು ಮಾಡಿಕೊಳ್ಳುತ್ತಾರೆ. ಆಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು, ಅದರಲ್ಲಿ ಬೆಳ್ಳಿ ಕೂರಿಸಿ, ಸುತ್ತಿಗೆಯಿಂದ ತಟ್ಟುತ್ತಾರೆ. ತಂತಿ ಕೂರಿಸಿದರೆ ತಾರ್‌ಕಶಿ, ತಗಡು ಕೂರಿಸಿದರೆ ತೈನಿಶಾನ್. ಕೊನೆಯ ಕೆಲಸ ಬೀದರ್ ಕೋಟೆಯ ಮಣ್ಣಿನದು. ಕೋಟೆಯೊಳಗೆ ಬಿಸಿಲು ಮಳೆ ತಾಗದ ಹಳೆಯ ಜಾಗದ ಮಣ್ಣನ್ನು ನಾಲಿಗೆಗೆ ಇಟ್ಟು, ರುಚಿ ನೋಡಿ ಆರಿಸುತ್ತಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ, ಬಿಸಿ ಮಾಡಿದ ವಸ್ತುವಿಗೆ ಹಾಕಿ ತಿಕ್ಕಿದರೆ ಸತುವಿನ ಮೈ ಮಾತ್ರ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲಿಂದ ಬಳಿದದ್ದಲ್ಲ. ಒದ್ದೆ ಬಟ್ಟೆಗೆ ಅಂಟಿಕೊಂಡು ಬರುವುದಿಲ್ಲ. ವರ್ಷಗಳಾದ ಮೇಲೆ ಮಂಕಾದರೆ ಎಣ್ಣೆ ಸವರಿ ತಿಕ್ಕಿದರೆ ಸಾಕು, ಮತ್ತೆ ಕಳೆ ಬರುತ್ತದೆ. ನಮ್ಮ ಅಜ್ಜಿಯ ಪಾನ್‌ದಾನ್, ಎಲೆ ಅಡಿಕೆ ಇಡುವ ಬಿದ್ರಿ ಡಬ್ಬಿ, ಇವತ್ತಿಗೂ ಹಾಗೇ ಇದೆ.

ಇಷ್ಟು ಹೇಳಿದ ಮೇಲೆ ಆ ಶನಿವಾರ ಸಂಜೆಯ ವಿಷಯಕ್ಕೆ ಬರುತ್ತೇನೆ. ಮಳಿಗೆಯ ತುಂಬ ಜನ. ಕೌಂಟರಿನ ಹುಡುಗಿ ಡಬ್ಬಿ ನೋಡಿ, ‘ಅಯ್ಯೋ, ಬಣ್ಣನೇ ಹೋಗಿದೆ ಅಲ್ವಾ’ ಎಂದಳು. ನಿಮ್ಮ ಕಂಪನಿಯಲ್ಲಿ ನನ್ನ ಜೊತೆ ನಿಜ ಮಾತಾಡಿದ್ದು ಅವಳೊಬ್ಬಳೇ. ದಯವಿಟ್ಟು ಅದಕ್ಕಾಗಿ ಅವಳಿಗೆ ತೊಂದರೆ ಕೊಡಬೇಡಿ. ಅಷ್ಟರಲ್ಲಿ ಮ್ಯಾನೇಜರ್ ಬಂದರು. ಅವಳನ್ನು ಪಕ್ಕಕ್ಕೆ ಕಳಿಸಿದರು.

‘ಯಾವುದರಲ್ಲಿ ತೊಳೆದ್ರಿ ಮೇಡಂ?’

ತೊಳೆದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಎಂದೆ.

‘ಒದ್ದೆ ಬಟ್ಟೆ ಅಂದ್ರೆ ತೊಳೆದ ಹಾಗೇ ಅಲ್ವಾ? ಇದು ಡೆಕೋರೇಟಿವ್ ಪೀಸ್. ಸುಮ್ನೆ ಇಟ್ಟು ನೋಡೋಕೆ.’

ಡಬ್ಬಿ ಎಂದು ಮಾರಿದ್ದೀರಲ್ಲ, ಮುಟ್ಟದೆ ಮುಚ್ಚಳ ತೆಗೆಯುವುದು ಹೇಗೆ ಎಂದು ಕೇಳಿದೆ.

‘ಹ್ಯಾಂಡ್‌ಮೇಡ್ ಅಂದ್ರೆ ಹೀಗೇ ಮೇಡಂ. ಒಂದೊಂದು ಪೀಸ್ ಒಂದೊಂದು ತರ ಇರುತ್ತೆ. ಬಿದ್ರಿ ಎಲ್ಲಾದ್ರೂ ನೋಡಿದೀರಾ ನೀವು?’

ಈ ಪ್ರಶ್ನೆಯನ್ನು ಅವರು ಕೇಳಿದ್ದು ಬೀದರಿನ ಹಳೆಯ ಗೋಪುರ ಚೌಬಾರಾದ ಹತ್ತಿರದ ಬೀದಿಯಲ್ಲಿ ಉಳಿ ಸುತ್ತಿಗೆಯ ಸದ್ದು ಕೇಳುತ್ತ ಬೆಳೆದವಳನ್ನು. ನಾನು ಹಾಗೆಂದೇ ಹೇಳಿದೆ. ಅವರು ನನ್ನ ಹಿಂದೆ ನಿಂತಿದ್ದ ಗಿರಾಕಿಯ ಕಡೆ ನೋಡಿ ನಕ್ಕರು. ‘ಈ ರೇಟಿಗೆ ಅಸಲಿ ಬೆಳ್ಳಿ ಎಲ್ಲಿಂದ ಬರುತ್ತೆ ಮೇಡಂ, ನೀವೇ ಹೇಳಿ’ ಎಂದರು. ಶುದ್ಧ ಬೆಳ್ಳಿ ಎಂದು ಬರೆದವರು ನೀವು. ಅದು ಎಲ್ಲಿಂದ ಬರುತ್ತದೆ ಎಂದು ನಾನು ಹೇಳಬೇಕೇ?

ಕೌಂಟರಿನ ಪಕ್ಕದಲ್ಲಿ ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್‌ಗಳನ್ನು ತೂಗು ಹಾಕಿದ್ದರು. ಆಟೋರಿಕ್ಷಾದ ಆಕಾರದ್ದು ಒಂದನ್ನು ತೆಗೆದು ಮೀನಿನ ಬೆನ್ನಿಗೆ ಹಿಡಿದೆ. ಟಕ್ಕನೆ ಅಂಟಿತು. ‘ಸತು, ತಾಮ್ರ, ಬೆಳ್ಳಿ ಮೂರಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಇದು ಕಬ್ಬಿಣ’ ಎಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮ್ಯಾನೇಜರ್ ಎಲ್ಲರಿಗೂ ಕೇಳುವಂತೆ ಹೇಳಿದರು: ‘ಮೇಡಂ, ಆ ಮ್ಯಾಗ್ನೆಟ್ ತಗೋತೀರಾ? 250 ರೂಪಾಯಿ. ಇಲ್ಲಾಂದ್ರೆ ವಾಪಸ್ ಇಡಿ. ಜನ ಕಾಯ್ತಿದಾರೆ.’

ಹಿಂದೆ ಯಾರೋ ನಕ್ಕರು. ನಾನು ನಿವೃತ್ತ ಶಿಕ್ಷಕಿ. ತುಂಬಿದ ತರಗತಿಯ ಎದುರು ನಿಂತು ಮಾತಾಡಿಯೇ ಬದುಕು ಕಳೆದವಳು. ಅವತ್ತು ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮ್ಯಾಗ್ನೆಟ್ಟನ್ನು ಇದ್ದ ಜಾಗದಲ್ಲೇ ಇಟ್ಟೆ. ‘ಡಬ್ಬಿ ಇಲ್ಲೇ ಬಿಟ್ಟು ಹೋಗಿ, ಕ್ವಾಲಿಟಿ ಚೆಕ್‌ಗೆ ಕಳಿಸ್ತೀವಿ’ ಎಂದರು. ರಸೀದಿ ಕೊಡಿ ಎಂದರೆ ‘ಸಿಸ್ಟಮ್‌ನಲ್ಲಿ ಬರಲ್ಲ’ ಎಂದರು. ಡಬ್ಬಿ ಎತ್ತಿಕೊಂಡು ಬಂದೆ. ಅದು ಈಗ ನನ್ನ ಹತ್ತಿರವೇ ಇದೆ, ಕಪ್ಪಾದ ಬಟ್ಟೆಯ ಸಮೇತ.

ಮನೆಗೆ ಬಂದು ನಿಮ್ಮ ಪುಟ ತೆರೆದರೆ ‘ಅಪ್ಪಟ ಬಿದ್ರಿ’ ಹೋಗಿ ‘ಬಿದ್ರಿ ಸ್ಟೈಲ್’ ಬಂದಿತ್ತು. ಶುದ್ಧ ಬೆಳ್ಳಿ ಮಾಯ. ಬೆಲೆ ಮಾತ್ರ ಅಷ್ಟೇ. ತಪ್ಪು ಆಗಿಲ್ಲ ಎನ್ನುವವರು ಪುಟವನ್ನು ತಿದ್ದಿದ್ದು ಯಾಕೆ? ಹಳೆಯ ಪುಟದ ಸ್ಕ್ರೀನ್‌ಶಾಟ್ ಮತ್ತು ಆರ್ಡರಿನ ಬಿಲ್ ಎರಡೂ ಈ ಪತ್ರದ ಜೊತೆ ಇವೆ. ಬಿಲ್ಲಿನಲ್ಲಿ ಇವತ್ತಿಗೂ ‘ಬಿದ್ರಿ’ ಎಂದೇ ಇದೆ.

ನಿಯಮಗಳು ನಿಮಗೆ ಗೊತ್ತು. ವಿವರಣೆಗೆ ಹೊಂದದ ವಸ್ತುವನ್ನು ವಾಪಸ್ ಪಡೆಯುತ್ತೇವೆ ಎಂದು ನೀವೇ ಬರೆದುಕೊಂಡಿದ್ದೀರಿ. ನೀವು ಬರೆಯದಿದ್ದರೂ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ಒಪ್ಪದೆ ಇರುವಂತಿಲ್ಲ. ದೂರು ಬಂದದ್ದನ್ನು 48 ಗಂಟೆಯೊಳಗೆ ದೂರು ಅಧಿಕಾರಿ ಖಚಿತಪಡಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ನನ್ನ ಇಮೇಲ್‌ಗಳಿಗೆ ಬಂದದ್ದು ಯಂತ್ರ ಕಳಿಸುವ ಧನ್ಯವಾದ ಮಾತ್ರ.

ಹಣಕ್ಕಿಂತ ನನಗೆ ಜಾಸ್ತಿ ನೋವಾಗಿರುವುದು ಇನ್ನೊಂದು ವಿಷಯಕ್ಕೆ. ಬಿದ್ರಿಗೆ 2006ರಲ್ಲೇ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿನ ವಸ್ತುವಿಗೆ ಕಾನೂನು ರಕ್ಷಣೆ ಕೊಡುವ ಭೌಗೋಳಿಕ ಸೂಚಕ, ಸಿಕ್ಕಿದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಈ ಕೆಲಸಕ್ಕಾಗಿಯೇ ಪದ್ಮಶ್ರೀ ಬಂತು. ಅಷ್ಟು ದೊಡ್ಡ ಕೆಲಸ ಅದು. ಕಣ್ಣು ಹೋಗುವವರೆಗೆ ಕೂತು ತಂತಿ ಕೂರಿಸುವವರ ಹೆಸರನ್ನು ಸ್ಪ್ರೇ ಹೊಡೆದ ಕಬ್ಬಿಣಕ್ಕೆ ಅಂಟಿಸಿದ್ದೀರಿ. ಇದನ್ನು ಕೊಂಡವರು ಬಣ್ಣ ಹೋದ ಮೇಲೆ ಏನು ಹೇಳುತ್ತಾರೆ? ಬಿದ್ರಿ ಅಂದರೆ ಇಷ್ಟೇ ಎನ್ನುತ್ತಾರೆ. ಆಮೇಲೆ ಬೀದರಿನ ಅಂಗಡಿಯಲ್ಲಿ ಅಸಲಿ ವಸ್ತು ಇಟ್ಟುಕೊಂಡು ಕೂತವನ ಹತ್ತಿರ ಯಾರು ಹೋಗುತ್ತಾರೆ?

ಈ ಪತ್ರ ತಲುಪಿದ 15 ದಿನದೊಳಗೆ 7,400 ರೂಪಾಯಿ ನನ್ನ ಖಾತೆಗೆ ಬರಬೇಕು. ಮಳಿಗೆಯಲ್ಲಿ ಆದದ್ದಕ್ಕೆ ಲಿಖಿತ ಕ್ಷಮೆ ಬೇಕು. ಇದೇ ಮೀನು ಕೊಂಡ ಬೇರೆ ಗ್ರಾಹಕರಿಗೆಲ್ಲ ನಿಜ ತಿಳಿಸಿ, ಕೇಳಿದವರಿಗೆ ಹಣ ವಾಪಸ್ ಕೊಡಬೇಕು. ಡಬ್ಬಿಯನ್ನು ನಿಮ್ಮ ಕ್ವಾಲಿಟಿ ಚೆಕ್‌ಗೆ ಕಳಿಸುವುದಿಲ್ಲ. ಬೇಕಿದ್ದರೆ ನಿಮ್ಮವರು ನಮ್ಮ ಮನೆಗೆ ಬಂದು ನೋಡಲಿ.

ಆಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಕೊಡಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಈಗಾಗಲೇ ಕರೆ ಮಾಡಿ ದೂರು ದಾಖಲಿಸಿದ್ದೇನೆ.

ಜಿಐ ವಿಷಯಕ್ಕೆ 15 ದಿನ ಕಾಯುವುದಿಲ್ಲ. 1999ರ ಜಿಐ ಕಾಯ್ದೆಯಲ್ಲಿ ಸುಳ್ಳು ಜಿಐ ಹೆಸರಿನಲ್ಲಿ ವಸ್ತು ಮಾರಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು ಇದೆ, ದಂಡ ಬೇರೆ. ಸ್ಕ್ರೀನ್‌ಶಾಟ್, ಬಿಲ್, ಬಣ್ಣ ಹೋದ ಮೀನಿನ ಫೋಟೋ ಎಲ್ಲ ಸೇರಿಸಿ ಚೆನ್ನೈನ ಜಿಐ ನೋಂದಣಿ ಕಚೇರಿಗೂ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮಕ್ಕೂ ಬರೆದಿದ್ದೇನೆ. ಆ ಲಕೋಟೆಗಳು ಈ ಪತ್ರದ ಜೊತೆಗೇ ಇವತ್ತು ಅಂಚೆಗೆ ಹೋಗುತ್ತಿವೆ. ನೀವು ನಾಳೆಯೇ ನನ್ನ ಹಣ ಕಳಿಸಿದರೂ ಅವನ್ನು ವಾಪಸ್ ಪಡೆಯುವುದಿಲ್ಲ.

ಇತಿ,
ನಿಮ್ಮ ಗ್ರಾಹಕಿ
ಮೈಸೂರು